ಬಾಲದ ಎಲುಬು

ಬೆಟಗೇರಿ ಹೈಸ್ಕೂಲಿನ ಲ್ಯಾಬಿನಾಗ
ಇಪ್ಪತ್ತೆರಡು ವರ್ಷ ಗಾಜು ತೊಳದೀನಿ.
ಫಾರ್ಮಲಿನ್ ವಾಸನಿ ಸೆರಗಿಗೆ ಹತ್ತಿ
ಉಣ್ಣೂ ಮುಂದ ಬುತ್ತ್ಯಾಗೂ ಬರ್ತೈತಿ.

ಬಿನ್ನಾಳ ಸರ್ ದೇವರಿಲ್ಲ ಅಂತಾರ.
ಹೆಸರು ನೋಡಿದ್ರ ವೀರಭದ್ರಪ್ಪ.
‘ಇಟ್ಟಾಕಿ ನಮ್ಮವ್ವ, ನನ್ನ ತಪ್ಪಲ್ಲ ಸಂಕವ್ವ’
ಅಂತ ನಗತಾರ.
ಶನಿವಾರ ಹಣಮಪ್ಪನ ಗುಡಿಯಿಂದ
ಕಾಯಿ ಹೋಳು ತಂದು ಕೊಟ್ರ ಬ್ಯಾಡ ಅನ್ನೂದಿಲ್ಲ.
‘ಕಾಯಿ ನಂಬತೀನಿ’ ಅಂತಾರ,
ಕರಕರ ಅಗೀತಾರ.

ಅವರ ಭಕ್ತಿ ಬ್ಯಾರೆ ಕಡೆ ಐತಿ.
ಕಪ್ಪಿ ಬಾಟ್ಲಿ ಬೆಳಕಿಗೆ ಹಿಡದು
ಹಸುಗೂಸಿನ ಮಾರಿ ನೋಡಿಧಂಗ ನೋಡತಾರ.
ಕಪ್ಪತಗುಡ್ಡದಿಂದ ಕೆಂಪು ಕರಿ ಗೀರಿನ ಕಲ್ಲು
ಜೋಳಿಗ್ಯಾಗ ಹೊತ್ತು ತಂದು ಮೇಜಿನ ಮ್ಯಾಲೆ ಇಟ್ಟು
‘ಇದು ಹೆಪ್ಪುಗಟ್ಟೂ ಕಾಲಕ್ಕ
ನಾವು ಉಸಿರಾಡೂ ಗಾಳಿನ ಇದ್ದಿಲ್ಲ’ ಅಂತಾರ.
ಹುಡುಗೂರು ಉಸಿರು ಹಿಡೀತಾವ.
ನಾನೂ, ಬಾಗಿಲ ಮರಿಗೆ ನಿಂತು.

ಶ್ರಾವಣದಾಗ ಕಮಿಟಿ ಛೇರ್ಮನ್ನರು,
ಜಿನ್ನಿಂಗ್ ಮಿಲ್ಲಿನ ಕೊಣ್ಣೂರ ಸಾವಕಾರ್ರು,
ಚೀಟಿ ಕಳಿಸಿದ್ರು:
‘ಮಂಗ್ಯಾನ ಪಾಠ ಬಿಡ್ರಿ. ಆ ಪಿರೇಡಿಗೆ
ಸೃಷ್ಟಿ ವಿಜ್ಞಾನ ಹೇಳಾಕ
ಹುಬ್ಬಳ್ಳಿಯಿಂದ ಒಬ್ಬರು ಬರ್ತಾರ.’

ಬಂದ್ರು. ಇಸ್ತ್ರಿ ಮುರೀದ ಜುಬ್ಬಾ, ಚಲೋ ಮಾತು.
ಮೀನ, ಆಮಿ, ಹಂದಿ,
ಎಲ್ಲಾ ಅವತಾರದಾಗ ಮೊದಲ ಐತಿ ಅಂದ್ರು.
ನನಗೂ ಖರೆ ಅನಿಸ್ತು.
ಸಣ್ಣಾಕಿದ್ದಾಗ ನಮ್ಮಜ್ಜ ಹೇಳಿದ್ದೂ ಇದ,
ಹಂದಿ ಕ್ವಾರಿಹಲ್ಲಿನ ಮ್ಯಾಲೆ ಭೂಮಿ ಎತ್ತಿದ ಕತಿ.
ಸರ್ ಹಿಂದಿನ ಬೆಂಚಿನಾಗ ಹುಡುಗೂರ ನಡುವ ಕೂತಿದ್ರು.
ಕಡೀಕ ಎದ್ದು,
‘ಕತಿ ಭಾಳ ಚಂದ ಐತ್ರಿ.
ಕನ್ನಡ ಪಿರೇಡಿನಾಗ ಹೇಳ್ರಿ, ನಾನೂ ಬಂದು ಕೂಡತೀನಿ.
ಈ ಖೋಲ್ಯಾಗ ಮಾತ್ರ ಒಂದು ಪದ್ಧತಿ ಐತಿ:
ನಾ ಹೇಳಿದ್ದು ತಪ್ಪಾಗಿದ್ರ
ಹೆಂಗ ಗೊತ್ತಾಗ್ತೈತಿ ಅಂತ ಮೊದಲ ಹೇಳಬೇಕು.’

ಹುಬ್ಬಳ್ಳಿಯವರು ಗಡಿಯಾರ ನೋಡಿಕೊಂಡ್ರು.

ಕಮಿಟಿ ಮೀಟಿಂಗಿಗೆ ಚಾ ಕೊಡಾಕ ಹೋಗಿದ್ದೆ.
ಸಾವಕಾರ್ರ ಮಾರಿ ಕೆಂಪಾಗಿತ್ತು.
ಸರ್ ಪಾಠದ ಮಾತ ತಗೀಲಿಲ್ಲ.
ಕಿಸೆದಾಗಿಂದ ಒಂದು ಹತ್ತಿಕಾಯಿ ತಗದು ಬಿಚ್ಚಿದ್ರು.
ಒಳಗ ಗುಲಾಬಿ ಹುಳ, ಜೀವಂತ.
‘ಈ ಬೀಜ ಬಂದ ಹೊಸದಾಗಿ ಇವು ಸಾಯ್ತಿದ್ವಲ್ರಿ?’
‘ಸಾಯ್ತಿದ್ವು.’
‘ಈಗ?’
ಸಾವಕಾರ್ರು ಕಿಡಕ್ಯಾಗಿಂದ ಮಿಲ್ಲಿನ ಕಡೆ ನೋಡಿದ್ರು,
ಹೋದ ವರ್ಷದ ಕಲೆ ಬಿದ್ದ ಅರಳಿ ಅಲ್ಲೇ ಬಿದ್ದಿತ್ತು.
‘ಸತ್ತವು ಸತ್ತವು. ಉಳದವು ತತ್ತಿ ಇಟ್ಟವು.
ಇಷ್ಟರೀ ನನ್ನ ಪಾಠ.
ಬೇಕಾದ್ರ ಮಂಗ್ಯಾನ ಹೆಸರ ತಗಿಯೂದಿಲ್ಲ.’

ಹುಳ ಸಾವಕಾಶ ಹರದು
ಠರಾವು ಪುಸ್ತಕದ ಮ್ಯಾಲೆ ಏರಿತು.
ಯಾರೂ ಅದನ್ನ ಜಾಡಿಸಲಿಲ್ಲ.
ಮುಂದ ಏನಾತು ಗೊತ್ತಿಲ್ಲ,
ನನಗ ಕಪ್ಪು ತೊಳಿಯೂದಿತ್ತು.

ಮರುದಿನ ಅದ ಪಿರೇಡಿಗೆ ಸರ್,
‘ಎಲ್ಲಾರೂ ಬೆನ್ನಿನ ಕಡೀ ಎಲುಬಿಗೆ ಬೊಟ್ಟು ಹಚ್ಚಿ ನೋಡ್ರಿ.’
ನಗಿ, ಗದ್ದಲ, ಒಬ್ಬನ ಚಡ್ಡಿ ಗುಂಡಿ ಕಿತ್ತಿತು.
ಆಮ್ಯಾಲೆ ನಲವತ್ತು ಹುಡುಗೂರು
ಒಮ್ಮಿಂದೊಮ್ಮೆಲೆ ಸುಮ್ಮನಾದ್ವು.

ರವಿವಾರ ಮೊಮ್ಮಗಳಿಗೆ ಎಣ್ಣಿ ಹಚ್ಚೂ ಮುಂದ
ಬೆನ್ನಗುಂಟ ಇಳಿದ ನನ್ನ ಬೊಟ್ಟು ಅಲ್ಲಿ ನಿಂತಿತು.
ಸಣ್ಣದು. ಒಳಗ ಮಡಿಚಿಕೊಂಡದ್ದು.
ಯಾವ ಟೊಂಗಿ, ಯಾವ ಅಡವಿ,
ಯಾರವ್ವ ಯಾರ ಕೂಸನ್ನ ಎದಿಗೆ ಅವಚಿಕೊಂಡು
ಜಿಗದಿದ್ದಳೋ.
‘ಯಾಕ ಆಯಿ, ಥಂಡಿ ಆಗಾಕತ್ತೈತಿ’ ಅಂತು ಕೂಸು.
ನೀರು ಹಾಕಿದೆ.

ಜಗಲಿ ಮುಂದ ದೀಪಾ ಹಚ್ಚಿದೆ, ದಿನದಂಗ.
ಒಂದು ಮಾತು ಕೇಳೂದಿತ್ತು.
ದೇವರಿಗೆ ಕೇಳಲಿಲ್ಲ.
ಸೋಮವಾರ ಸರ್‌ಗ ಕೇಳಿದ್ರಾತು ಅಂತ
ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡೆ.